ಇಗ್ವಾನಾಗಳ ಪಾರ್ಕಿನಲ್ಲಿ

ಈಕ್ವೆಡಾರ್ ದೇಶದ ಬಂದರು ನಗರ ಗ್ವಾಯಾಕಿಲ್. ಗ್ವಾಯಾಸ್ ನದಿಯ ದಂಡೆ ಬಿಟ್ಟು ಕೆಲವೇ ಬೀದಿ ಒಳಕ್ಕೆ ನಡೆದರೆ ಜೋಡಿ ಗೋಪುರದ ದೊಡ್ಡ ಚರ್ಚು ಸಿಗುತ್ತದೆ. ಅದರ ಎದುರಿಗೇ ಒಂದು ಪುಟ್ಟ ಉದ್ಯಾನ. ದಾಖಲೆಯಲ್ಲಿ ಇದು ಸೆಮಿನಾರಿಯೊ ಪಾರ್ಕ್. ಕುದುರೆಯೇರಿದ ಸಿಮೋನ್ ಬೊಲಿವಾರ್ ಪ್ರತಿಮೆ ಇರುವುದರಿಂದ ಬೊಲಿವಾರ್ ಪಾರ್ಕ್ ಎಂದೂ ಕರೆಯುತ್ತಾರೆ. ಜನರ ಬಾಯಲ್ಲಿ ಉಳಿದಿರುವುದು ಮಾತ್ರ ಇಗ್ವಾನಾ ಪಾರ್ಕ್.

ಒಳಗೆ ಕಾಲಿಟ್ಟಾಗ ಕಾಣುವುದು ಮರ, ಹುಲ್ಲು, ಬೆಂಚು, ಆಮೆಗಳ ಕೊಳ ಅಷ್ಟೆ. ಆಮೇಲೆ ಬೇರು ಅಂದುಕೊಂಡದ್ದು ಅಲುಗುತ್ತದೆ. ಅದು ಇಗ್ವಾನಾ ಎಂಬ ದೊಡ್ಡ ಹಲ್ಲಿಯ ಬಾಲ! ಒಂದನ್ನು ಗುರುತಿಸಿದ ಕಣ್ಣಿಗೆ ಮುಂದೆ ಎಲ್ಲೆಲ್ಲೂ ಅವೇ. ಹುಲ್ಲಿನ ಮೇಲೆ, ದಾರಿಗೆ ಅಡ್ಡಲಾಗಿ, ಕೊಂಬೆಯಿಂದ ಕೊಂಬೆಗೆ, ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾದ ಹಿರಿಯರಂತೆ ಒಂದರ ಮೇಲೊಂದು ಕಾಲು ಚಾಚಿ ಬಿದ್ದಿರುತ್ತವೆ.

ದೊಡ್ಡವು ಮೂಗಿನಿಂದ ಬಾಲದ ತುದಿಗೆ ಒಂದೂವರೆ ಮೀಟರ್ ಮುಟ್ಟುವುದುಂಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಕತ್ತಿನಿಂದ ಬೆನ್ನುದ್ದಕ್ಕೂ ಮುಳ್ಳಿನ ಸಾಲು, ಗಲ್ಲದ ಕೆಳಗೆ ಜೋಲುವ ಗಂಗೆದೊಗಲು, ಕಿವಿಯ ಕೆಳಗೆ ಒಂದು ದುಂಡನೆಯ ದೊಡ್ಡ ಹುರುಪೆ. ಮರಿಗಳದು ಎಳೆಹಸಿರು. ವಯಸ್ಸಾದಂತೆ ಬಣ್ಣ ಬೂದಿಗೆ ತಿರುಗುತ್ತದೆ. ಬೆದೆಗಾಲದಲ್ಲಿ ಗಂಡಿನ ಮೈ ಕಿತ್ತಳೆಯಾಗುತ್ತದೆ. ಅಂಥ ಗಂಡೊಂದು ಗಂಗೆದೊಗಲು ಬಿಚ್ಚಿ ತಲೆಯನ್ನು ಮೇಲೆ ಕೆಳಗೆ ಆಡಿಸಿತೆಂದರೆ ಉಳಿದವಕ್ಕೆ ಎಚ್ಚರಿಕೆ: ಈ ಜಾಗ ನನ್ನದು.

ನೆತ್ತಿಯ ಮೇಲೊಂದು ಮಸುಕು ಚುಕ್ಕೆಯಿದೆ. ಅದು ಬೆಳಕು ನೆರಳನ್ನಷ್ಟೇ ಅರಿಯುವ ಮೂರನೆಯ ಕಣ್ಣು. ಗಿಡುಗನ ನೆರಳು ಹಾದರೂ ಸಾಕು, ಅದಕ್ಕೆ ಸುಳಿವು ಸಿಗುತ್ತದೆ. ಆಗಾಗ ಸೀನುವುದು ನೆಗಡಿಯಿಂದಲ್ಲ, ಮೈಯಲ್ಲಿ ಹೆಚ್ಚಾದ ಉಪ್ಪನ್ನು ಹೊರಹಾಕಲು. ಇಷ್ಟು ಹಲ್ಲು, ಉಗುರು, ಮುಳ್ಳು ಇದ್ದರೂ ಆಹಾರ ಎಲೆ, ಹೂವು, ಹಣ್ಣು. ಎಲೆ ಅರಗಲು ಮೈ ಬೆಚ್ಚಗಿರಬೇಕು. ಗಂಟೆಗಟ್ಟಲೆ ಬಿಸಿಲಿಗೆ ಬೀಳುವುದು ಅದಕ್ಕೇ. ಕೆಣಕಿದರೆ ಬಾಲ ಚಾಟಿಯಾಗುತ್ತದೆ. ಕೊಂಬೆಯ ಕೆಳಗೆ ನಿಂತವರ ತಲೆಗೆ ಮೇಲಿನಿಂದ ಪ್ರಸಾದವೂ ಬೀಳಬಹುದು.

ಸುತ್ತ ಬಸ್ಸು, ಕಾರುಗಳ ಗದ್ದಲ. ಬೆಂಚಿನಲ್ಲಿ ಹರಟುವವರ ಕಾಲ ಬಳಿ ಇಗ್ವಾನಾ ಹಾದುಹೋದರೂ ಯಾರೂ ಬೆಚ್ಚುವುದಿಲ್ಲ. ಮೆಕ್ಸಿಕೊದಿಂದ ಬ್ರೆಜಿಲ್‌ವರೆಗೆ ಇದು ಈ ನೆಲದ್ದೇ ಪ್ರಾಣಿ. ಇಲ್ಲಿ ಇದಕ್ಕೆ ಪಂಜರವಿಲ್ಲ, ಒಡೆಯನೂ ಇಲ್ಲ.

ಒಡೆಯರು ಹುಟ್ಟಿಕೊಂಡ ಕಡೆ ಕತೆಯೇ ಬೇರೆ. ಅಮೆರಿಕದ ಫ್ಲಾರಿಡಾಕ್ಕೆ ಇದನ್ನು ಸಾಕುವವರು ತಂದರು. ಸಾಕಲಾಗದೆ ಹೊರಗೆ ಬಿಟ್ಟರು. ಈಗ ಅಲ್ಲಿ ಕಾಲುವೆಯ ದಡ ಕೊರೆಯುವ, ತೋಟ ಮೇಯುವ ಪೀಡೆ. ಚಳಿ ಹೆಚ್ಚಿದ ರಾತ್ರಿ ಮರಗಟ್ಟಿ ಮರದಿಂದ ಉದುರುತ್ತವೆ. 2020ರ ಜನವರಿಯಲ್ಲಿ ಮಯಾಮಿಯ ಹವಾಮಾನ ಕಚೇರಿ, ಮರದಿಂದ ಇಗ್ವಾನಾ ಬಿದ್ದೀತು ಎಂದು ಜನರನ್ನು ಎಚ್ಚರಿಸಬೇಕಾಯಿತು. 2021ರಲ್ಲಿ ಆ ರಾಜ್ಯ ಇದನ್ನು ನಿಷೇಧಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ನಮ್ಮಲ್ಲೂ ಅಂಗೈಯಗಲದ ಹಸಿರು ಮರಿಯನ್ನು ಮುದ್ದಿಗೆಂದು ಕೊಳ್ಳುವವರಿದ್ದಾರೆ. ಅದು ಆಳುದ್ದ ಬೆಳೆಯುತ್ತದೆ, ಹತ್ತಾರು ವರ್ಷ ಬದುಕುತ್ತದೆ. ಇಗ್ವಾನಾ ನೋಡುವ ಆಸೆಯಿದ್ದರೆ ಅದರ ಊರಿಗೇ ಹೋಗಿ ನೋಡಿ, ಮನೆಗೆ ತರಬೇಡಿ.