ಬೂದುಬಣ್ಣದ ಫರ್ಗ್ಯುಸನ್ನೂ ನಮ್ಮ ತೆಂಗಿನ ತೋಟವೂ

ತಿಪಟೂರೆಂದರೆ ಕೊಬ್ಬರಿ ಎಂಬುದು ಸರ್ವವಿದಿತ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಳಲ್ಲಿ ತೆಂಗಿನ ಸಾಲುಗಳ ನಡುವೆ ಗುಡುಗುಡಿಸುತ್ತ ಉಳುವ ಕೆಂಪು ಮ್ಯಾಸಿ ಟ್ರ್ಯಾಕ್ಟರಿನ ಕುಲಮೂಲವನ್ನು ವಿಚಾರಿಸುವವರು ವಿರಳ. ಬಿ.ಎ. ಓದುವವನಿಗೆ ಈ ಯಂತ್ರದ ಉಸಾಬರಿ ಏಕೆಂದು ಮಿತ್ರರು ಕೇಳಿದ್ದುಂಟು. ನನ್ನ ತಂದೆಯವರು ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವವರು. ನನ್ನ ಕಾಲೇಜಿನ ಶುಲ್ಕ ಬಂದಿರುವುದು ಅದರಿಂದಲೇ. ಇಷ್ಟು ಉತ್ತರ ಸಾಕೆಂದು ಭಾವಿಸುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡು ಗೆದ್ದಿತು. ಬೊಕ್ಕಸ ಮಾತ್ರ ಬರಿದಾಗಿತ್ತು. ಸರಕನ್ನು ಪರದೇಶಗಳಿಗೆ ಮಾರದೆ ಗತ್ಯಂತರವಿರಲಿಲ್ಲ. ಉಕ್ಕಿಗೆ ಅಭಾವವಿದ್ದುದರಿಂದ ಹಂಚಿಕೆಯಲ್ಲಿ ರಫ್ತು ಮಾಡುವವರಿಗೆ ಮೊದಲ ಮಣೆ. ಹೀಗಾಗಿ ಆ ಕಾಲದ ಆಂಗ್ಲ ವಾಹನಗಳು ಲೋಕವನ್ನೆಲ್ಲ ಸುತ್ತಿದವು. ಮೋರಿಸ್ ಆಕ್ಸ್‌ಫರ್ಡ್ ಕಾರು ಬಂಗಾಳದ ಉತ್ತರಪಾರದಲ್ಲಿ ಅಂಬಾಸಡರ್ ಎಂಬ ಹೆಸರು ಪಡೆದು 2014ರವರೆಗೂ ತಯಾರಾಯಿತು. ಟ್ರಯಂಫ್ ಹೆರಾಲ್ಡ್ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಕಾರುಗಳ ಸೊಗಸನ್ನು ಬಣ್ಣಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಟ್ರ್ಯಾಕ್ಟರಿಗೆ ಬರುತ್ತೇನೆ.

ಯುದ್ಧಕಾಲದಲ್ಲಿ ವಿಮಾನದ ಎಂಜಿನ್ ತಯಾರಿಸುತ್ತಿದ್ದ ಕವೆಂಟ್ರಿ ನಗರದ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯವರು 1946ರಿಂದ 1956ರವರೆಗೆ ಫರ್ಗ್ಯುಸನ್ ಟಿಇ-20 ಎಂಬ ಬೂದುಬಣ್ಣದ ಪುಟ್ಟ ಟ್ರ್ಯಾಕ್ಟರುಗಳನ್ನು 5 ಲಕ್ಷಕ್ಕೂ ಮಿಕ್ಕಿ ಮಾಡಿದರು. ಇದರ ರೂವಾರಿ ಹ್ಯಾರಿ ಫರ್ಗ್ಯುಸನ್, 1884ರಲ್ಲಿ ಐರ್ಲೆಂಡಿನ ರೈತಮನೆಯಲ್ಲಿ ಹುಟ್ಟಿದವನು. 1953ರಲ್ಲಿ ಅವನ ಕಂಪನಿ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. 1960ರಲ್ಲಿ ಮದರಾಸಿನಲ್ಲಿ ಆರಂಭವಾದ ಟಾಫೆ ಸಂಸ್ಥೆಯ ಮೂಲಕ ಆ ಸಂತತಿ ನಮ್ಮ ಸೀಮೆಗೂ ಬಂದಿತು.

ಅವನ ಹೆಚ್ಚುಗಾರಿಕೆ ಎಂಜಿನ್ನಿನಲ್ಲಿಲ್ಲ, ನೇಗಿಲನ್ನು ಕಟ್ಟುವ ಕ್ರಮದಲ್ಲಿದೆ. ಹಿಂದೆ ಎತ್ತಿಗೆ ಕಟ್ಟಿದಂತೆಯೇ ಟ್ರ್ಯಾಕ್ಟರಿಗೂ ನೇಗಿಲನ್ನು ಕೊಕ್ಕೆಯಿಂದ ಸಿಕ್ಕಿಸುತ್ತಿದ್ದರು. ಗುಳ ಬಂಡೆಗೆ ತಗುಲಿದರೆ ಎತ್ತು ನಿಲ್ಲುತ್ತದೆ; ಎಂಜಿನ್ ನಿಲ್ಲುವುದೇ? ಹಿಂದಿನ ಚಕ್ರ ಕಚ್ಚಿಕೊಂಡು ಮುಂಭಾಗವೇ ಮೇಲೆದ್ದು, ಬಂಡಿ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತಿತ್ತು. ಹೀಗೆ ಸತ್ತವರುಂಟು.

ಫರ್ಗ್ಯುಸನ್ ಕೆಳಗೆ ಎರಡು, ಮೇಲೊಂದು, ಹೀಗೆ ಮೂರು ತೋಳುಗಳಿಂದ ನೇಗಿಲನ್ನು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಿದನು. ಕೆಳಗಿನ ತೋಳುಗಳು ಎಳೆಯುತ್ತವೆ. ಮಣ್ಣು ತಡೆದಾಗ ನೇಗಿಲು ಮುಂದಕ್ಕೆ ವಾಲಲು ಹವಣಿಸಿ ಮೇಲಿನ ತೋಳನ್ನು ಒತ್ತುತ್ತದೆ. ಆ ಒತ್ತಡ ಮುಂಭಾಗವನ್ನು ಏಳಗೊಡದೆ ನೆಲಕ್ಕೆ ಅದುಮುತ್ತದೆ. ಅಷ್ಟೇ ಅಲ್ಲ, ಮೇಲಿನ ತೋಳಿನ ಸ್ಪ್ರಿಂಗು ಆ ಒತ್ತಡವನ್ನು ಹೈಡ್ರಾಲಿಕ್ ಕವಾಟಕ್ಕೆ ತಿಳಿಸುತ್ತದೆ. ಮಣ್ಣು ಬಿರುಸಾದರೆ ನೇಗಿಲು ತುಸು ಮೇಲೇಳುತ್ತದೆ, ಅದರ ಭಾರ ಹಿಂದಿನ ಚಕ್ರದ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಆದ್ದರಿಂದಲೇ ಹಗುರ ಯಂತ್ರವೂ ಭಾರದ ಕೆಲಸ ಮಾಡಬಲ್ಲದು.

ಆದರೆ ಈ ರಕ್ಷಣೆ ನೇಗಿಲಿಗುಂಟು, ಟ್ರೈಲರಿಗಿಲ್ಲ. ಕಾಯಿ ತುಂಬಿದ ಟ್ರೈಲರು ಕೆಸರಿನಲ್ಲಿ ಹೂತಾಗ ಕೆಲವರು ಸರಪಣಿಯನ್ನು ಮೇಲಿನ ತೋಳಿನ ಗೂಟಕ್ಕೇ ಬಿಗಿದು ಎಳೆಯುತ್ತಾರೆ. ಎಳೆತದ ಜಾಗ ನೆಲದಿಂದ ಎತ್ತರವಾದಷ್ಟೂ ಮುಂದಿನ ಚಕ್ರ ಎದ್ದೇಳುವ ಭಯ ಹೆಚ್ಚು. ಕೆರೆ ಏರಿಯ ಚಡಾವಿನಲ್ಲಂತೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಗುಚುತ್ತದೆ. ಚಾಲಕನಿಗೆ ಕೆಳಕ್ಕೆ ಹಾರಲು ಸಮಯವಿರದು. ಹಿಂಬದಿಯ ಕೆಳಗಿನ ಕೊಕ್ಕೆಗೇ ಕಟ್ಟಬೇಕು. “ಮೇಲೆ ಕಟ್ಟಬ್ಯಾಡ” ಎಂದಷ್ಟೇ ತಂದೆಯವರು ಹೇಳುತ್ತಿದ್ದರು. ಕಾರಣವನ್ನು ನಾನು ಚಿತ್ರ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಆ ಹಾಳೆಯನ್ನೇ ನೋಡಿದರು.

ಇನ್ನು ತೋಟದ ಮಾತು. ತೆಂಗಿಗೆ ತಾಯಿಬೇರಿಲ್ಲ, ಹೆಚ್ಚಿನ ಬೇರುಗಳು ಬುಡದಿಂದ ಸುಮಾರು 6 ಅಡಿಯೊಳಗೆ ಹರಡಿರುತ್ತವೆ. 25-30 ಅಡಿ ಅಂತರದ ಸಾಲುಗಳ ನಡುವೆ ಸಣ್ಣ ಟ್ರ್ಯಾಕ್ಟರು ಸಲೀಸಾಗಿ ತಿರುಗುತ್ತದೆ, ನಿಜ. ಆದರೆ ಬಾಡಿಗೆಗೆ ಗಂಟೆ ಲೆಕ್ಕವಾದುದರಿಂದ ಅವಸರಕ್ಕೆ ಬುಡದವರೆಗೂ ಆಳವಾಗಿ ಹೊಡೆಸುವವರಿದ್ದಾರೆ. ನಮ್ಮಲ್ಲಿ ನೇಗಿಲು ನಡುಸಾಲಿನಲ್ಲೇ ಓಡುತ್ತದೆ. ಬುಡದ ಸುತ್ತಿನ ಆ ಆರಡಿ ಇಂದಿಗೂ ಗುದ್ದಲಿಯ ಪಾಲು.