ಡೇರಿ ಕಟ್ಟಡ ಎಲ್ಲಿ, ಗೋಮಾಳ ಎಷ್ಟು? ಸವಳಂಗ ರಸ್ತೆಯ ಹಳ್ಳಿಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು

ಶಿವಮೊಗ್ಗದಿಂದ ಸವಳಂಗದ ಕಡೆ ಬಸ್ಸಿನಲ್ಲಿ ಹೊರಟರೆ ಪೇಟೆ ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಈಗ ಕಷ್ಟ. ರೈಲ್ವೆ ಮೇಲ್ಸೇತುವೆ, ಇಂಜಿನಿಯರಿಂಗ್ ಕಾಲೇಜು, ನವುಲೆಯ ಕೃಷಿ ವಿಶ್ವವಿದ್ಯಾಲಯ ಹಿಂದೆ ಬಿಟ್ಟು ಅಬ್ಬಲಗೆರೆ ಕಡೆ ಸಾಗಿದರೂ ಅಲ್ಲಲ್ಲಿ ಬಡಾವಣೆಯ ಕಲ್ಲುಗಳು ಕಾಣುತ್ತವೆ. ಅವುಗಳ ಹಿಂದೆಯೇ ತೋಟ, ಗದ್ದೆ, ಮೆಕ್ಕೆಜೋಳದ ಹೊಲ, ನಮ್ಮ ಕೊಟ್ಟಿಗೆಗಳು. ಸವಳಂಗ ಸೇರುವಷ್ಟರಲ್ಲಿ ಜಿಲ್ಲೆಯೇ ಬದಲಾಗಿ ದಾವಣಗೆರೆಯ ನ್ಯಾಮತಿ ತಾಲ್ಲೂಕು ಬಂದಿರುತ್ತದೆ. ಎರಡೂ ಜಿಲ್ಲೆಗಳ ಹಾಲು ಸೇರುವುದು ಮಾತ್ರ ಒಂದೇ ಒಕ್ಕೂಟಕ್ಕೆ.

ಈ ಹಳ್ಳಿಗಳಿಗೆ ಅಂಗನವಾಡಿ ಬೇಕು, ಪಶು ಆಸ್ಪತ್ರೆ ಬೇಕು, ನೀರಿನ ಟ್ಯಾಂಕ್ ಬೇಕು, ಕಸ ವಿಂಗಡಿಸುವ ಘಟಕ ಬೇಕು, ಸ್ಮಶಾನಕ್ಕೆ ಜಾಗ ಬೇಕು. ಹಾಲಿನ ಸಂಘಕ್ಕೂ ಸ್ವಂತ ಕಟ್ಟಡ ಬೇಕು. ಇವು ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಎಲ್ಲಿ ಬರಬೇಕು ಎನ್ನುವುದನ್ನು ಯಾರು, ಯಾವಾಗ ತೀರ್ಮಾನಿಸುತ್ತಾರೆ? ಜೆಸಿಬಿ ಬಂದು ನಿಂತ ಮೇಲೆ ಕೇಳಿದರೆ "ಎಲ್ಲಾ ಆಗಿದೆಯಮ್ಮ, ಮೊದಲೇ ಹೇಳಬೇಕಿತ್ತು" ಎನ್ನುವ ಉತ್ತರ ಸಿಗುತ್ತದೆ. ಆ "ಮೊದಲು" ಯಾವುದು ಎಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಕಾಗದ ಮೊದಲು, ಕಟ್ಟಡ ಆಮೇಲೆ

ನಮ್ಮ ಕಣ್ಣ ಮುಂದಿನ ಉದಾಹರಣೆ ಸೋಗಾನೆಯ ವಿಮಾನ ನಿಲ್ದಾಣ. 2008ರಲ್ಲಿ ಶಂಕುಸ್ಥಾಪನೆಯಾಯಿತು, ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಜಾಗದ ತೀರ್ಮಾನಕ್ಕೂ ವಿಮಾನ ಇಳಿಯುವುದಕ್ಕೂ ನಡುವೆ ಹದಿನೈದು ವರ್ಷ. ಸಣ್ಣ ಕಟ್ಟಡದ ಕತೆಯೂ ಇದೇ, ಅವಧಿ ಮಾತ್ರ ಚಿಕ್ಕದು. ಹಳ್ಳಿಯ ಜಾಗದ ವಿಷಯ ಮೂರು ಕಡೆ ತೀರ್ಮಾನವಾಗುತ್ತದೆ.

ಮೊದಲನೆಯದು ಗ್ರಾಮ ಪಂಚಾಯಿತಿ. ಯಾವ ಕಾಮಗಾರಿ ಬೇಕು ಎಂಬ ಪಟ್ಟಿ ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ತಯಾರಾಗಿ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಗೆ ಸೇರುತ್ತದೆ. ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಹಣ ಸಿಗುವುದು ಕಷ್ಟ.

ಎರಡನೆಯದು ಕಂದಾಯ ಇಲಾಖೆ. ಸರ್ಕಾರಿ ಜಮೀನು, ಗೋಮಾಳ, ಕೆರೆ, ಹಳ್ಳ ಇವೆಲ್ಲ ಅವರ ದಾಖಲೆಯಲ್ಲಿವೆ. ಪಂಚಾಯಿತಿ ಠರಾವು ಮಾಡಿದ ಮಾತ್ರಕ್ಕೆ ಗೋಮಾಳ ನಿವೇಶನವಾಗುವುದಿಲ್ಲ. ಅದಕ್ಕೆ ಜಿಲ್ಲಾಧಿಕಾರಿಯವರ ಆದೇಶ ಬೇಕು.

ಮೂರನೆಯದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ನಾವು "ಸೂಡಾ" ಎನ್ನುವ ಕಚೇರಿ. ಎರಡು ನಗರಗಳ ಜೊತೆಗೆ ಸುತ್ತಲಿನ ಹಳ್ಳಿಗಳೂ ಅದರ ಯೋಜನಾ ಪ್ರದೇಶಕ್ಕೆ ಸೇರಿವೆ. ನಿಮ್ಮ ಊರು ಅದರೊಳಗೆ ಇದೆಯೇ ಎಂದು ಪಂಚಾಯಿತಿಯ ಪಿಡಿಒ ಅವರನ್ನು ಕೇಳಿದರೆ ತಿಳಿಯುತ್ತದೆ. ಇದ್ದರೆ ಮುಂದಿನ ಭಾಗ ನಿಮಗಾಗಿ.

ನಕ್ಷೆಯ ಬಣ್ಣ ನೋಡಿ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಲ್ಲಿ ಬಂದದ್ದು. ಇದರ ಪ್ರಕಾರ ಯೋಜನಾ ಪ್ರದೇಶಕ್ಕೆ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ತಯಾರಿಸುತ್ತಾರೆ. ನಕ್ಷೆಯಲ್ಲಿ ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣ. ಸಾಮಾನ್ಯವಾಗಿ ಹಳದಿ ಎಂದರೆ ವಾಸದ ಮನೆ, ನೀಲಿ ವ್ಯಾಪಾರ, ಕೆಂಪು ಶಾಲೆ-ಆಸ್ಪತ್ರೆಯಂಥ ಸಾರ್ವಜನಿಕ ಬಳಕೆ, ಹಸಿರು ಕೃಷಿ ಮತ್ತು ಉದ್ಯಾನ. ಬಣ್ಣಗಳ ಅರ್ಥ ನಕ್ಷೆಯ ಮೂಲೆಯಲ್ಲೇ ಬರೆದಿರುತ್ತದೆ.

ನಮ್ಮ ರಾಜ್ಯದ ಮಹಾಯೋಜನೆಗಳಲ್ಲಿ ಕೃಷಿ ವಲಯದಲ್ಲಿ ಹೈನುಗಾರಿಕೆಗೂ ಹಾಲು ಶೀತಲೀಕರಣ ಕೇಂದ್ರಕ್ಕೂ ಸಾಮಾನ್ಯವಾಗಿ ಅವಕಾಶವಿದೆ. ಅದೇ ವಲಯದಲ್ಲಿ ಶಾಲೆ, ಆಸ್ಪತ್ರೆ, ಸ್ಮಶಾನದಂಥ ಸೌಲಭ್ಯಗಳಿಗೂ ಅನುಮತಿ ಕೊಡಲು ಸಾಧ್ಯ. ಹಾಗಾಗಿ ಹಸಿರು ಬಣ್ಣ ಇದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಹಳದಿ ಬಿದ್ದರೆ ಚಿಂತೆ ಬೇರೆ. ಇಂದು ನಾಲ್ಕು ಹಸು ಕಟ್ಟಿರುವ ಜಾಗದ ಸುತ್ತ ನಾಳೆ ಮನೆಗಳು ಎದ್ದರೆ ಗಂಜಲ, ಸಗಣಿಯ ಬಗ್ಗೆ ದೂರು ಬರುತ್ತದೆ.

ಮಹಾಯೋಜನೆಯ ಕರಡನ್ನು ಪ್ರಕಟಿಸಿದಾಗ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನ ಕೊಡಬೇಕು ಎಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ. ನಾವು ಬಾಯಲ್ಲಿ ಎಷ್ಟು ಹೇಳಿದರೂ ಲೆಕ್ಕಕ್ಕೆ ಬರುವುದು ಬರೆದು ಕೊಟ್ಟದ್ದು. ಬಿಳಿ ಹಾಳೆಯಲ್ಲಿ ಊರಿನ ಹೆಸರು, ಸರ್ವೆ ನಂಬರು, ಏನು ಬದಲಾಗಬೇಕು, ಯಾಕೆ ಎಂದು ನಾಲ್ಕು ಸಾಲು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಸಂಘದ ಲೆಟರ್‌ಹೆಡ್‌ನಲ್ಲಿ, ಆಡಳಿತ ಮಂಡಳಿಯ ಠರಾವಿನೊಂದಿಗೆ ಕೊಟ್ಟರೆ ಇನ್ನೂ ಒಳ್ಳೆಯದು.

ನಿಮ್ಮ ಹೊಲವನ್ನೇ ಸಾರ್ವಜನಿಕ ಉದ್ದೇಶಕ್ಕೆ ಎಂದು ನಕ್ಷೆಯಲ್ಲಿ ಗುರುತಿಸಿದ್ದರೆ ಇನ್ನೊಂದು ವಿಷಯ ತಿಳಿದಿರಲಿ. ಐದು ವರ್ಷದೊಳಗೆ ಆ ಜಮೀನು ಪಡೆಯದಿದ್ದರೆ ಆ ಗುರುತು ರದ್ದಾದಂತೆ ಎಂದು ಇದೇ ಕಾಯ್ದೆಯ 69ನೇ ಕಲಂ ಹೇಳುತ್ತದೆ.

ಗೋಮಾಳದ ಲೆಕ್ಕ ಹಸುವಿನ ಲೆಕ್ಕದಲ್ಲಿದೆ

ಊರಿಗೆ ಏನೇ ಬರಲಿ, ಮೊದಲು ಎಲ್ಲರ ಕಣ್ಣು ಹೋಗುವುದು ಗೋಮಾಳದ ಮೇಲೆ. ಖಾಸಗಿ ಜಮೀನಿಗೆ ಪರಿಹಾರ ಕೊಡಬೇಕು, ಗೋಮಾಳಕ್ಕೆ ಬೇಡ. "ಈಗೆಲ್ಲ ಎಚ್‌ಎಫ್ ಹಸು, ಕೊಟ್ಟಿಗೆಯಲ್ಲೇ ಮೇವು, ಗೋಮಾಳ ಯಾಕೆ?" ಎನ್ನುವವರೂ ಇದ್ದಾರೆ. ಬತ್ತಿದ ಹಸು, ಕರು, ಎಮ್ಮೆ, ನಾಟಿ ದನ ಎಲ್ಲಿ ಓಡಾಡಬೇಕು, ಜಮೀನಿಲ್ಲದ ಮನೆಯ ಹೆಂಗಸರು ಹುಲ್ಲು ಎಲ್ಲಿ ಕೊಯ್ಯಬೇಕು ಎನ್ನುವುದಕ್ಕೆ ಅವರಲ್ಲಿ ಉತ್ತರವಿಲ್ಲ. ಮೇವಿಗೆ ಕೊಡುವ ದುಡ್ಡು ಹೆಚ್ಚಿದಷ್ಟೂ ಹಾಲಿನಲ್ಲಿ ಉಳಿಯುವುದು ಕಡಿಮೆ.

ಕರ್ನಾಟಕ ಭೂಕಂದಾಯ ನಿಯಮಗಳು 1966, ನಿಯಮ 97ರ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಉಚಿತ ಗೋಮಾಳ ಕಾಯ್ದಿರಿಸಬೇಕು. ಅಂದರೆ ಸುಮಾರು 30 ಎಕರೆ. ಒಂದು ಊರಿನಲ್ಲಿ 350 ರಾಸು ಇದ್ದರೆ 42 ಹೆಕ್ಟೇರ್ ಬೇಕು. ಲೆಕ್ಕದಲ್ಲಿ 200 ಮಾತ್ರ ಇದ್ದರೆ 24 ಹೆಕ್ಟೇರ್ ಸಾಕು, ಉಳಿದ 18 ಹೆಕ್ಟೇರ್ "ಹೆಚ್ಚುವರಿ" ಎಂದು ಕಡತದಲ್ಲಿ ಬರುತ್ತದೆ. ಅದು ಸುಮಾರು 44 ಎಕರೆ!

ಆದ್ದರಿಂದ ಜಾನುವಾರು ಗಣತಿಯವರು ಮನೆಗೆ ಬಂದಾಗ ಕರು, ಪಡ್ಡೆ, ಬತ್ತಿದ ಹಸು ಯಾವುದನ್ನೂ ಬಿಡದೆ ಬರೆಸಿ. ಕಿವಿಗೆ 12 ಅಂಕಿಯ ಓಲೆ ಹಾಕಿಸುವುದನ್ನು ತಪ್ಪಿಸಬೇಡಿ. ವಿಮೆಗೆ, ಲಸಿಕೆಗೆ ಬೇಕಾಗುವ ಅದೇ ಓಲೆ ಊರಿನ ರಾಸುಗಳ ಸಂಖ್ಯೆಗೂ ಸಾಕ್ಷಿ.

ಸುಪ್ರೀಂ ಕೋರ್ಟ್ ಕೂಡ ಈ ವಿಷಯ ಹೇಳಿದೆ. ಪಂಜಾಬಿನ ಹಳ್ಳಿಯೊಂದರ ಕೆರೆ ಮುಚ್ಚಿ ಮನೆ ಕಟ್ಟಿದ್ದ ಜಗಪಾಲ್ ಸಿಂಗ್ ಪ್ರಕರಣದಲ್ಲಿ 2011ರ ಜನವರಿ 28ರಂದು ತೀರ್ಪು ಬಂತು. ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಊರಿಗೆ ಮರಳಿಸಲು ಎಲ್ಲ ರಾಜ್ಯಗಳೂ ವ್ಯವಸ್ಥೆ ಮಾಡಬೇಕು ಎಂದು ಕೋರ್ಟ್ ಹೇಳಿತು. ಅಂಥ ಜಾಗದಲ್ಲಿ ಈಗಾಗಲೇ ಶಾಲೆ, ದವಾಖಾನೆಯಂಥ ಸಾರ್ವಜನಿಕ ಸೌಲಭ್ಯ ಇದ್ದರೆ ಅದನ್ನು ವಿನಾಯಿತಿಯಾಗಿ ನೋಡಬಹುದು ಎಂದೂ ಹೇಳಿತು. ಸಾರ್ವಜನಿಕ ಸೇವೆ ಎಂದರೆ ಕಾನೂನಿಗೂ ಸ್ವಲ್ಪ ಮೆದು ಮನಸ್ಸು. ಅದಕ್ಕಾಗಿಯೇ ಸೇವೆಯ ಹೆಸರಿನಲ್ಲಿ ಎಷ್ಟು ಜಾಗ ಹೋಗುತ್ತಿದೆ ಎಂದು ನಾವು ಲೆಕ್ಕ ಇಡಬೇಕು.

ಇಂಗ್ಲೆಂಡಿನ ಹಲವು ಸ್ಥಳೀಯ ಯೋಜನೆಗಳಲ್ಲಿ ಊರಿನ ಹೊರಗೆ ಬಯಲಿನಲ್ಲಿ ಸಾರ್ವಜನಿಕ ಕಟ್ಟಡ ಕಟ್ಟಬೇಕಾದರೆ, ಊರೊಳಗೆ ತಕ್ಕ ಜಾಗ ಸಿಗಲಿಲ್ಲ ಎಂದು ಮೊದಲು ತೋರಿಸಬೇಕು. ಅದೇ ಪ್ರಶ್ನೆಯನ್ನು ನಮ್ಮ ಗ್ರಾಮಸಭೆಯಲ್ಲೂ ಕೇಳಬಹುದು: "ಊರೊಳಗೆ ಜಾಗ ಹುಡುಕಿದಿರಾ? ಹಳೆಯ ಶಾಲೆ ಕಟ್ಟಡ, ಖಾಲಿ ಬಿದ್ದ ಪಂಚಾಯಿತಿ ನಿವೇಶನ ನೋಡಿದಿರಾ?" ಅಂಗನವಾಡಿ ಗೋಮಾಳದ ಆಚೆ ತುದಿಗೆ ಹೋದರೆ ಮಗುವನ್ನು ಎತ್ತಿಕೊಂಡು ನಡೆಯುವವರು ನಾವೇ ಅಲ್ಲವೇ?

ಸಂಘದ ಕಟ್ಟಡಕ್ಕೆ ಎಂಥ ಜಾಗ?

ಬಾಡಿಗೆ ಕೋಣೆಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಹಾಲು ಅಳೆಯುವ ಸಂಘಗಳು ಇನ್ನೂ ಇವೆ. ಮನೆ ಮಾಲೀಕರ ಮನಸ್ಸು ಬದಲಾದರೆ ತಕ್ಕಡಿ, ಕ್ಯಾನ್ ಎತ್ತಿಕೊಂಡು ಹೊರಡಬೇಕು. ಯಾವ ಕಟ್ಟಡ ಅನುದಾನ ಕೇಳಿದರೂ ಮೊದಲ ಪ್ರಶ್ನೆ ಒಂದೇ: ನಿವೇಶನದ ದಾಖಲೆ ಸಂಘದ ಹೆಸರಿನಲ್ಲಿ ಇದೆಯೇ?

ಜಾಗ ಆರಿಸುವಾಗ ಇವುಗಳನ್ನು ನೋಡಿ. ಬೆಳಿಗ್ಗೆ ಕತ್ತಲಿರುವಾಗ, ಸಂಜೆ ಮಳೆಯಲ್ಲಿ ಒಬ್ಬಳೇ ಹೆಂಗಸು ಕ್ಯಾನ್ ಹಿಡಿದು ನಡೆದು ಬರುವಷ್ಟು ಹತ್ತಿರ ಇರಬೇಕು, ದಾರಿಯಲ್ಲಿ ದೀಪ ಇರಬೇಕು. ಮುಂದೆ ಬಲ್ಕ್ ಮಿಲ್ಕ್ ಕೂಲರ್ ಹಾಕುವ ಯೋಚನೆ ಇದ್ದರೆ ತ್ರೀ-ಫೇಸ್ ವಿದ್ಯುತ್ ಬೇಕು, ಏಕೆಂದರೆ ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಅಲ್ಲೇ ಹಿಡಿದಿಡಬೇಕು. ಟ್ಯಾಂಕರ್ ಬಂದು ತಿರುಗುವಷ್ಟು ಜಾಗ, ತೊಳೆಯಲು ನೀರು, ತೊಳೆದ ನೀರು ಹೋಗಲು ಚರಂಡಿ ಇರಬೇಕು. ಕಸದ ಘಟಕದ ಪಕ್ಕ ಬೇಡ. ನಿವೇಶನಕ್ಕೆ ಪಂಚಾಯಿತಿಯ ಇ-ಸ್ವತ್ತು ದಾಖಲೆ, ನಮೂನೆ 9 ಮತ್ತು 11ಎ, ಸಂಘದ ಹೆಸರಿನಲ್ಲಿ ಪಡೆದುಕೊಳ್ಳಿ.

ಬಡಾವಣೆ ಬಂದಿರುವ ಹಳ್ಳಿಗಳಿಗೆ ಇನ್ನೊಂದು ದಾರಿಯಿದೆ. ಅನುಮೋದಿತ ಬಡಾವಣೆಯಲ್ಲಿ ನಾಗರಿಕ ಸೌಲಭ್ಯಕ್ಕೆ ನಿವೇಶನ ಬಿಡಲೇಬೇಕು. ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ನಾಗರಿಕ ಸೌಲಭ್ಯಗಳ ಪಟ್ಟಿಯಲ್ಲಿ ಅಂಚೆ ಕಚೇರಿ, ಶಾಲೆ, ಆಸ್ಪತ್ರೆಗಳ ಜೊತೆ ಹಾಲಿನ ಬೂತ್ ಕೂಡ ಇದೆ. ಪ್ರಾಧಿಕಾರ ಅರ್ಜಿ ಕರೆದಾಗ ಹಾಕಲು ಕಾಗದಪತ್ರ ಸಿದ್ಧವಿರಲಿ.

ನಿಮ್ಮ ಸ್ವಂತ ಕೊಟ್ಟಿಗೆಯ ಬಗ್ಗೆ ಒಂದು ಮಾತು. ಭೂಸುಧಾರಣಾ ಕಾಯ್ದೆಯಲ್ಲಿ "ಕೃಷಿ" ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಹೈನುಗಾರಿಕೆಯೂ ಸೇರಿದೆ. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ರೈತರು ತಮ್ಮ ಕೃಷಿ ಜಮೀನಿನಲ್ಲಿ ಕೃಷಿಗೆ ಬೇಕಾದ ಕಟ್ಟಡ, ಬಾವಿ ಮಾಡಿಕೊಳ್ಳಬಹುದು. ಹೊಲದಲ್ಲಿ ಕೊಟ್ಟಿಗೆ ಕಟ್ಟಿದ್ದಕ್ಕೆ ಯಾರಾದರೂ ಪ್ರಶ್ನಿಸಿದರೆ ಈ ಎರಡು ಕಾಯ್ದೆಗಳ ಹೆಸರು ಹೇಳಿ. ಆದರೂ ಯೋಜನಾ ಪ್ರದೇಶದೊಳಗೆ ದೊಡ್ಡ ಶೆಡ್ ಕಟ್ಟುವ ಮೊದಲು ನಕ್ಷೆ ನೋಡಿಕೊಳ್ಳುವುದು ಜಾಣತನ.

ಗ್ರಾಮಸಭೆಗೆ ಹೋಗುವಾಗ

ವಾರ್ಡ್ ಸಭೆ, ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. ಹಾಜರಾದವರಲ್ಲಿ ಶೇಕಡ 30ರಷ್ಟಾದರೂ ಮಹಿಳೆಯರಿರಬೇಕು. ಪಂಚಾಯಿತಿ ಸದಸ್ಯತ್ವದಲ್ಲಿ ಅರ್ಧದಷ್ಟು ಸ್ಥಾನ ನಮಗೆ ಮೀಸಲು. ಸಹಿ ಹಾಕಿ ಬರುವುದಕ್ಕಿಂತ, ಸಂಘದಿಂದ ಐದಾರು ಜನ ಒಟ್ಟಿಗೆ ಹೋಗಿ ಮಾತಾಡಿ. ಸಭೆಯ ವೇಳೆ ಹಾಲು ಹಾಕುವ ಹೊತ್ತಿಗೆ ಅಡ್ಡವಾದರೆ ಬದಲಿಸಲು ಕೇಳಿ. ಈ ಐದು ವಿಷಯ ಬರೆದುಕೊಂಡು ಹೋಗಿ:

1. ನಮ್ಮ ಊರಿನ ಗೋಮಾಳದ ಸರ್ವೆ ನಂಬರು ಯಾವುದು, ಪಹಣಿಯಲ್ಲಿ ಈಗ ಎಷ್ಟು ಎಕರೆ ಉಳಿದಿದೆ?

2. ಕಳೆದ ಜಾನುವಾರು ಗಣತಿಯಲ್ಲಿ ನಮ್ಮ ಊರಿನ ರಾಸುಗಳ ಸಂಖ್ಯೆ ಎಷ್ಟು?

3. ಈ ವರ್ಷದ ಯೋಜನೆಯಲ್ಲಿರುವ ಪ್ರತಿ ಕಟ್ಟಡಕ್ಕೂ ಜಾಗ ಎಲ್ಲಿ ಗುರುತಿಸಿದ್ದೀರಿ?

4. ಊರೊಳಗಿನ ಜಾಗ ಬಿಟ್ಟು ಗೋಮಾಳವನ್ನೇ ಆರಿಸಲು ಕಾರಣವೇನು?

5. ಹಾಲಿನ ಸಂಘಕ್ಕೆ ನಿವೇಶನ ಕೊಡುವ ಠರಾವು ಇಂದೇ ಆಗಬಹುದೇ?

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಡಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕದಲ್ಲಿ ನಿಮ್ಮ ಮಾತು ಬರೆದಿದ್ದಾರೆಯೇ ಎಂದು ಓದಿಸಿಕೊಂಡೇ ಎದ್ದು ಬನ್ನಿ. ದಿನಾ ಹಾಲಿನ ಪಾಸ್‌ಬುಕ್ಕಿನಲ್ಲಿ ಫ್ಯಾಟ್, ಲೀಟರ್ ಸರಿಯಾಗಿ ಬಂದಿದೆಯೇ ಎಂದು ನೋಡುವ ನಮಗೆ ಇದು ಹೊಸ ಕೆಲಸವೇನಲ್ಲ.