ಕಡಲಾಚೆಗೆ ಹೊರಟ ಕಾಗದಗಳು

ಮದುವೆ ಮುಗಿಸಿ ಗಂಡ ಕುವೈತಿಗೆ ಮರಳುತ್ತಾನೆ. ಹೆಂಡತಿಯ ವೀಸಾಕ್ಕೆ ವಿವಾಹ ಪ್ರಮಾಣಪತ್ರ ಬೇಕೆಂದು ಅಲ್ಲಿಂದ ಕರೆ ಬರುತ್ತದೆ. ಆಗ ಮನೆಯವರು ಮೊದಲು ಧಾವಿಸುವುದು ಧರ್ಮಕೇಂದ್ರದ ಕಛೇರಿಗೆ. ಶಿವಮೊಗ್ಗ, ಭದ್ರಾವತಿಗಳ ನಮ್ಮ ಕುಟುಂಬಗಳಿಗೆ ಇದು ಹೊಸತಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯನ್ನು ನಂಬಿ ಭದ್ರಾವತಿಗೆ ಬಂದವರ ಮೊಮ್ಮಕ್ಕಳು ಇಂದು ಕೆಲಸವನ್ನರಸಿ ಕಡಲು ದಾಟುತ್ತಿದ್ದಾರೆ.

1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯನ್ವಯ ಧರ್ಮಗುರುಗಳು ನೆರವೇರಿಸಿದ ಮದುವೆಗೆ ಕಾನೂನಿನ ಮಾನ್ಯತೆ ಇದೆ. ಆದರೆ ಪರದೇಶದ ಅಧಿಕಾರಿಗೆ ನಮ್ಮ ಗುರುಗಳ ಸಹಿಯ ಪರಿಚಯ ಎಲ್ಲಿಂದ ಬರಬೇಕು? ಆದುದರಿಂದ ಸರ್ಕಾರಿ ನೋಂದಣಾಧಿಕಾರಿಯ ಪ್ರಮಾಣಪತ್ರವನ್ನು ಪಡೆದಿರುವುದೇ ಕ್ಷೇಮ. ಜ್ಞಾನಸ್ನಾನದ ಪತ್ರವೂ ಹಾಗೆಯೇ. ಅನ್ಯದೇಶದ ದೇವಾಲಯದಲ್ಲಿ ವಿವಾಹವಾಗುವವರಿಗೆ ಅದು ಅಗತ್ಯ. ಜನನ ಪ್ರಮಾಣಪತ್ರದ ಸ್ಥಾನವನ್ನು ಮಾತ್ರ ಅದು ತುಂಬಲಾರದು.

ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ, ಸಾಮಾನ್ಯವಾಗಿ ಗೃಹ ಇಲಾಖೆಯ, ದೃಢೀಕರಣವಾಗಬೇಕು. ಅನಂತರ ಕೇಂದ್ರದ ವಿದೇಶಾಂಗ ಸಚಿವಾಲಯದ್ದು. ಸಚಿವಾಲಯವು ರಾಜ್ಯದ ಅಧಿಕಾರಿಯ ಸಹಿ ನಿಜವೆಂದಷ್ಟೇ ಹೇಳುತ್ತದೆ. ಒಳಗಿನ ಬರಹಕ್ಕೆ ಹೊಣೆಯಾಗುವುದಿಲ್ಲ. 2012ರಿಂದ ಅದು ಅರ್ಜಿಗಳನ್ನು ಜನರಿಂದ ನೇರವಾಗಿ ಸ್ವೀಕರಿಸದೆ, ತಾನು ನೇಮಿಸಿದ ಏಜೆನ್ಸಿಗಳ ಮೂಲಕವೇ ಪಡೆಯುತ್ತಿದೆ. 2019ರಿಂದ ಈ ಕೆಲಸ ಬೆಂಗಳೂರಿನಲ್ಲಿಯೂ ಆಗುತ್ತಿರುವುದರಿಂದ ದೆಹಲಿಯ ದಾರಿ ತಪ್ಪಿದೆ. 'ಎಲ್ಲವನ್ನೂ ನಾನೇ ಮಾಡಿಸಿಕೊಡುತ್ತೇನೆ' ಎನ್ನುವ ಮಧ್ಯವರ್ತಿಗೆ ಮೂಲಪತ್ರ ಕೊಡುವ ಮುನ್ನ, ಆ ಏಜೆನ್ಸಿಗಳ ಪಟ್ಟಿಯಲ್ಲಿ ಅವನ ಹೆಸರಿದೆಯೇ ಎಂದು ನೋಡಿರಿ.

ಕಾಗದ ಯಾವ ದೇಶಕ್ಕೆ ಎಂಬುದನ್ನು ಮೊದಲೇ ತಿಳಿಸಬೇಕು. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ 'ಅಪೊಸ್ಟಿಲ್' ಎಂಬ ಒಂದೇ ಮುದ್ರೆ ಸಾಕು. ಭಾರತದ ಮಟ್ಟಿಗೆ ಇದು 2005ರ ಜುಲೈ 14ರಿಂದ ಜಾರಿಯಲ್ಲಿದೆ. ಒಮಾನ್, ಇಟಲಿಗಳಲ್ಲದೆ 2022ರ ಡಿಸೆಂಬರಿನಿಂದ ಸೌದಿ ಅರೇಬಿಯಾ, 2024ರ ಜನವರಿಯಿಂದ ಕೆನಡಾ ಕೂಡ ಇದನ್ನು ಒಪ್ಪುತ್ತವೆ. ಕುವೈತ್, ಕತಾರ್‌ಗಳು ಈ ಒಪ್ಪಂದದಲ್ಲಿಲ್ಲ. ಅಲ್ಲಿಗೆ ಹೋಗುವ ಪತ್ರಕ್ಕೆ ಸಚಿವಾಲಯದ ದೃಢೀಕರಣದ ಬಳಿಕ ಆಯಾ ರಾಯಭಾರ ಕಛೇರಿಯ ಮುದ್ರೆಯೂ ಬೇಕಾಗುತ್ತದೆ.

ಜನನವನ್ನೇ ನೋಂದಾಯಿಸದವರ ಪಾಡು ಇನ್ನೂ ಕಠಿಣ. ವರ್ಷ ಮೀರಿದ ನೋಂದಣಿಗೆ ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯು ಆ ಅಧಿಕಾರವನ್ನು ಜಿಲ್ಲಾ ಹಾಗೂ ಉಪವಿಭಾಗ ದಂಡಾಧಿಕಾರಿಗಳಿಗೆ ವಹಿಸಿದೆ.

ಹೆಸರಿನ ತೊಡಕು ನಮ್ಮವರನ್ನು ವಿಶೇಷವಾಗಿ ಕಾಡುತ್ತದೆ. ಜ್ಞಾನಸ್ನಾನದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಡಿಸೋಜ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಷ್ಟೊಂದು ಕಾಗುಣಿತ! ಸಾಲದೆಂಬಂತೆ 2014ರ ನವೆಂಬರ್ 1ರಿಂದ ನಮ್ಮ ನಗರದ ಇಂಗ್ಲಿಷ್ ಹೆಸರೂ 'ಶಿಮೊಗ'ದಿಂದ 'ಶಿವಮೊಗ್ಗ' ಆಯಿತು. ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಪ್ರಮಾಣಪತ್ರವನ್ನು ಅಕ್ಷರ ಅಕ್ಷರವಾಗಿ ಓದಿರಿ. ತಪ್ಪಿದ್ದಲ್ಲಿ ಬೆಂಗಳೂರಿನ ರೈಲು ಹತ್ತುವ ಮೊದಲೇ ಪತ್ರ ಕೊಟ್ಟ ಕಛೇರಿಯಲ್ಲಿ ತಿದ್ದಿಸಿಕೊಳ್ಳಿರಿ. ಮುದ್ರೆ ಬಿದ್ದ ಮೇಲೆ ತಿದ್ದಿಸಿದರೆ ಹೊಸ ಪ್ರತಿಯೊಂದಿಗೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಅಂದಹಾಗೆ, ಜೋಪಾನವಾಗಿರಲೆಂದು ಮೂಲಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿರಿ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಒತ್ತಲಾಗದು.